ಕಾಫಿ ಕಣದಲ್ಲಿ ಬರಿಗಾಲು

ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬೋರಲು ಹಿಡಿದು ಎಷ್ಟು ಕುಟ್ಟಿದರೂ ಹನಿ ಇಳಿಯದಿದ್ದರೆ ನಮ್ಮೂರು ಹೆಗ್ಗದ್ದೆಯಲ್ಲಿ ಚಳಿಗಾಲ ಹೊಸ್ತಿಲಿಗೆ ಬಂದಿದೆಯೆಂದೇ ಅರ್ಥ. ಮಕ್ಕಳೇ, ನಿಮಗೆ ಕ್ಯಾಲೆಂಡರು ಹೇಳುವುದನ್ನು ನಿಮ್ಮ ಅಜ್ಜಿಗೆ ಈ ಬಾಟಲಿ ಹೇಳುತ್ತದೆ. ಎಣ್ಣೆ ಗಟ್ಟಿಯಾಗಿ ಕೂತ ದಿನದಿಂದ ನನ್ನ ಕಾಲು ಮಾತ್ರ ಕೂತಲ್ಲಿ ಕೂರುವುದಿಲ್ಲ. ಕಾಫಿ ಹಣ್ಣು ಕೊಯ್ದು ಮನೆಮುಂದಿನ ಕಣದಲ್ಲಿ ಒಣಹಾಕುವ ಕಾಲವದು. ಆಕಾಶದಲ್ಲಿ ಬೆರಳಗಲದ ಮೋಡ ಕಂಡರೂ ಹಣ್ಣು ನೆನೆದೀತೆಂದು ಎದ್ದು ಓಡುತ್ತೇನೆ.

ಹೋದ ವರ್ಷ, ಗುಡ್ಡದಿಂದ ಇಳಿದ ಬೆಳಗಿನ ಮಂಜನ್ನು ಮಳೆಯೆಂದೇ ತಿಳಿದು, ಹುಟ್ಟಿದಾಗಿನಿಂದ ಮಂಜನ್ನೇ ಕಾಣದವಳ ಹಾಗೆ ಟಾರ್ಪಾಲು ಎಳೆಯಲು ಓಡಿ, ಇಬ್ಬನಿ ಬಿದ್ದ ಸಿಮೆಂಟಿನ ಮೇಲೆ ಜಾರಿ ಮಂಡಿ ಉಳುಕಿಸಿಕೊಂಡೆ. ಮಳೆ ಬೀಳಲಿಲ್ಲ, ನಾನು ಬಿದ್ದೆ. ಅದಕ್ಕೇ ಈ ಸಲ ಮೊದಲ ಕೊಯ್ಲಿಗೆ ಮುಂಚೆಯೇ ನಿಮ್ಮಮ್ಮ ಲೀಲಾ ಅಪ್ಪಣೆ ಹೊರಡಿಸಿದಳು.

“ಅತ್ತೆ, ಈ ವರ್ಷ ನೀವು ಕಣಕ್ಕೆ ಕಾಲಿಡಂಗಿಲ್ಲ. ಇನ್ನೊಂದ್ಸಲ ಬಿದ್ದುಬುಟ್ರೆ ಎತ್ಕೊಂಡು ಓಡಾಡಕ್ಕೆ ನನ್ ಕೈಲಾಗಲ್ಲ ನೋಡಿ.”

ಜಗಲಿಯಲ್ಲಿ ಕುರ್ಚಿ ಹಾಕಿದಳು. ಬಾಳ್ಳುಪೇಟೆಯಿಂದ ಕಾಲುಚೀಲ ಬಂತು, ಉಣ್ಣೆಯ ಟೋಪಿ ಬಂತು. ಟೋಪಿ ಹಾಕಿಕೊಂಡು ಕನ್ನಡಿ ನೋಡಿದರೆ, ‘ಯಾರು ಬೇಕಾಗಿತ್ತು?’ ಎಂದು ನಾನೇ ಕೇಳುವಂತಿದ್ದೆ. ಅವರೆಕಾಯಿ ಸುಲಿದೆ, ಕಂಬಳಿ ಬಿಸಿಲಿಗೆ ಹಾಕಿದೆ, ಮೆಣಸಿನ ಕಷಾಯ ಕುಡಿದೆ. ಒಂದೊಂದೂ ಹಿತವೇ. ಆದರೂ ಗಳಿಗೆಗೊಮ್ಮೆ ಎದ್ದು ಜಗಲಿಯ ಅಂಚಿಗೆ ಬಂದು ನಿಲ್ಲುತ್ತಿದ್ದೆ.

ನನಗೆ ಬೇಕಾಗಿದ್ದದ್ದು ಬೇರೆ. ಅದನ್ನು ಕೇಳುವುದಕ್ಕೆ ನಾಚಿಕೆ. ಮಧ್ಯಾಹ್ನ ಬಿಸಿಲು ಕುಡಿದ ಹಣ್ಣಿನೊಳಗೆ ಬರಿಗಾಲು ತೂರಿಸಿ, ಮೇಲೆತ್ತದೆ ಎಳೆಯುತ್ತಾ ಹೋದರೆ ಸಾಲು ಬೀಳುತ್ತದೆ, ಅಡಿಯ ಹಸಿ ಹಣ್ಣು ಮೇಲೆ ಬರುತ್ತದೆ. ಅದಕ್ಕೆ ಹಿಡಿಕೆಯ ಹಲಗೆಯೂ ಇದೆ, ನಾನು ಮುಟ್ಟಿದವಳಲ್ಲ. ಒಡೆದ ಹಿಮ್ಮಡಿಗೆ ಆ ಬಿಸಿ ತಾಗುವ ಸುಖವನ್ನು ಯಾವ ಕಾಲುಚೀಲ ಕೊಟ್ಟೀತು? ನಿಮ್ಮ ತಾತ ತೀರಿಕೊಂಡ ವರ್ಷ ಮೈಗೆ ಹತ್ತಿದ ಬಿಸಿ ಅದೊಂದೇ. ಆದರೆ ನಾವು ಬೆಳೆದ ಕಾಲದಲ್ಲಿ ಹೆಂಗಸು ‘ಇದು ನನಗೆ ಖುಷಿ’ ಎನ್ನುವಂತಿರಲಿಲ್ಲ. ಅದಕ್ಕೇ ಅದನ್ನು ಕೆಲಸವೆಂದು ಕರೆದುಕೊಂಡೆ. ಲೀಲಾ ಸೊಸೆಯಾಗಿ ಬಂದ ಮೇಲೆ “ಬಿಸಿಲು ಕಣಮ್ಮ, ನೀನು ಒಳಗಿರು” ಎಂದು ಕಣವನ್ನು ನನಗೊಬ್ಬಳಿಗೇ ಉಳಿಸಿಕೊಂಡೆ. ಸೊಸೆಯನ್ನು ನೆರಳಲ್ಲಿಟ್ಟ ಅತ್ತೆಯೆಂದು ಊರು ಹೊಗಳಿತು. ನಾನು ತಲೆ ತಗ್ಗಿಸಿ ಹೊಗಳಿಸಿಕೊಂಡೆ.

ಮೊನ್ನೆ ಮಧ್ಯಾಹ್ನ ಕಣ ನೋಡಿದರೆ ಹಲಗೆ ಗೋಡೆಗೆ ಒರಗಿದೆ, ಲೀಲಾ ಸೀರೆ ಎತ್ತಿಕಟ್ಟಿ ಅರ್ಧ ಸಾಲಿನಲ್ಲಿ ಕಣ್ಣುಮುಚ್ಚಿ ನಿಂತಿದ್ದಾಳೆ. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

“ಏನೇ ಲೀಲಾ, ಸಾಲು ಬುಡ್ತಿದ್ದೀಯೋ, ನಿದ್ದೆ ಮಾಡ್ತಿದ್ದೀಯೋ?”

ಬೆಚ್ಚಿದಳು. ಆಮೇಲೆ ನಕ್ಕಳು. “ಕಾಲಿಗೆ ಎಷ್ಟು ಚೆನ್ನಾಗೈತೆ ಅತ್ತೆ! ಇಷ್ಟು ವರ್ಷ ಪಾಪ ಅತ್ತೆಗೆ ಕಷ್ಟ ಅಂದ್ಕೊಂಡಿದ್ನಲ್ಲ!”

“ಕಷ್ಟ ಅಲ್ಲ ಕಣೇ. ಸುಖ. ನಿಂಗೆ ಕೊಡದೆ ನಾನೊಬ್ಳೇ ತಿಂದೆ. ನಂಗೂ ಬೇಕು, ಬರ್ಲಾ?”

ಬೇಕು ಎಂಬ ಮಾತು ಆಡಿ ಎಷ್ಟು ಕಾಲವಾಗಿತ್ತೋ. ಲೀಲಾ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

“ಕಳ್ಳಿ ಅತ್ತೆ! ಬನ್ನಿ. ಆದ್ರೆ ಯಾವಾಗ್ಲೂ ಹಿಂಗೆ ಇಬ್ಬನಿ ಆರಿದ ಮೇಲೆ, ನನ್ ಕೈ ಹಿಡ್ಕೊಂಡೇ. ಮೋಡ ಕಂಡ್ರೆ ಓಡಂಗಿಲ್ಲ.”

ಕಾಲುಚೀಲ ಕಿತ್ತೆಸೆದು ಹೋದೆ. ಇಬ್ಬರ ಸಾಲೂ ಸೊಟ್ಟ.

ಚಡಪಡಿಕೆ ಹೋಯಿತೆಂದು ಸುಳ್ಳು ಹೇಳಲಾರೆ. ಇದನ್ನು ಬರೆಯುವಾಗಲೇ ಎರಡು ಸಲ ಎದ್ದು ಆಕಾಶ ನೋಡಿ ಬಂದೆ. ಇವತ್ತೂ ಎಣ್ಣೆ ಗಟ್ಟಿಯಾಗಿತ್ತು. ಕುಟ್ಟಲಿಲ್ಲ. ಬಾಟಲಿಯನ್ನು ಕಣದ ಕಟ್ಟೆಯ ಮೇಲಿಟ್ಟು ಬಂದೆ. ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. ನಾಲ್ಕು ಹಿಮ್ಮಡಿಗೆ ಸಾಕು.