ತಂತಿಯ ಮೇಲೆ ಕಲಿತ ಟಿಬೆಟನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೇರೆಯವರ ಬಾಯಿಂದ ಗೊತ್ತಾದರೆ ಅವರು ಒಗ್ಗರಣೆ ಹಾಕಿಯೇ ಹೇಳುತ್ತಾರೆ. ನಾನು ಟಿಬೆಟನ್ ಭಾಷೆ ಕಲಿತದ್ದು ಸರ್ಕಾರದ ಟೆಲಿಫೋನ್ ತಂತಿಯ ಮೇಲೆ, ಸರ್ಕಾರ ಸಂಬಳ ಕೊಡುವ ಹೊತ್ತಿನಲ್ಲಿ, ಅದೂ ಗುರುವಿನ ಮುಖವನ್ನು ಒಂದು ಸಲವೂ ನೋಡದೆ.

ಭಾಷೆಯ ಮೇಲಿನ ಪ್ರೀತಿಯಿಂದ ಕಲಿತೆ ಎಂದರೆ ನನ್ನ ಹೈಸ್ಕೂಲಿನ ಕನ್ನಡ ಮೇಷ್ಟ್ರು ಈಗಲೂ ಬೆತ್ತ ಹುಡುಕುತ್ತಾರೆ. ನನಗೆ ಬೇಕಾಗಿದ್ದದ್ದು ಅಣಕಿಸಲು ಒಂದು ಹೊಸ ದನಿ. ಚಿಕ್ಕಂದಿನಲ್ಲಿ ತಾತನ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆನೆಂದರೆ, ಅಜ್ಜಿ ಒಳಗಿನಿಂದ ಕಷಾಯ ತಂದು ನಿಜ ತಿಳಿದ ಮೇಲೆ ನನ್ನ ಬಾಯಿಗೇ ಸುರಿಯುತ್ತಿದ್ದಳು. ಅಷ್ಟು ಕಹಿ ಕುಡಿದವನು ಸುಧಾರಿಸಬೇಕಿತ್ತು. ನಾನು ಅಜ್ಜಿಯ ದನಿಯನ್ನೂ ಕಲಿತೆ.

ಪಿರಿಯಾಪಟ್ಟಣದ ಕಡೆಯ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ಬೋರ್ಡಿನ ತುಂಬ ತೂತುಗಳು. ಕರೆ ಬಂದ ತೂತಿಗೆ ವೈರು ಚುಚ್ಚಿ 'ನಂಬರ್ ಪ್ಲೀಸ್' ಎನ್ನುವುದು ನನ್ನ ಕಾಯಕ. ಬೆಳಗ್ಗೆ ಹೊಗೆಸೊಪ್ಪಿನ ವ್ಯಾಪಾರಿಗಳ ಗಲಾಟೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಡೀ ತಾಲ್ಲೂಕು ಮುದ್ದೆ ಉಂಡು ಮಲಗುತ್ತಿತ್ತು. ಎಚ್ಚರವಾಗಿರುತ್ತಿದ್ದವರು ಇಬ್ಬರೇ: ಇತ್ತ ನಾನು, ಅತ್ತ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಆಫೀಸಿನಲ್ಲಿ ಫೋನ್ ಕಾಯುತ್ತಿದ್ದ ದೊರ್ಜಿ.

ನಮ್ಮವರ ಬಾಯಲ್ಲಿ ಅವನು ದೊರ್ಜಪ್ಪ. ಕಾಡು ಕಡಿದು ಕ್ಯಾಂಪು ಕಟ್ಟಿದ ದಿನಗಳಲ್ಲಿ ಲಾರಿ ಕ್ಲೀನರುಗಳಿಂದ ಕನ್ನಡ ಕಲಿತವನಾದ್ದರಿಂದ ನನಗಿಂತ ಸ್ಪಷ್ಟವಾಗಿ ಬೈಯಬಲ್ಲವನಾಗಿದ್ದ. ಅವರಲ್ಲಿ ಹೆಸರಿನ ಕೊನೆಗೆ 'ಲಾ' ಎಂದರೆ ಮರ್ಯಾದೆ. ನಮ್ಮಲ್ಲಿ ಅದೇ 'ಲಾ' ಎಂದರೆ ಹೆಗಲ ಮೇಲೆ ಕೈ. ಅವನು 'ಪುಟ್ಟಸ್ವಾಮಿ ಲಾ' ಎಂದಾಗಲೆಲ್ಲ ಅದು ಯಾವ ದೇಶದ್ದೆಂದು ವಿಚಾರಿಸದೆ ಸ್ವೀಕರಿಸುತ್ತಿದ್ದೆ. ಪಾಠ ಹೀಗೆ ಶುರುವಾಯಿತು: ದಿನಕ್ಕೆ ಎರಡು ವಾಕ್ಯ, ಮರುದಿನ ಒಪ್ಪಿಸಬೇಕು.

ತೊಡಕು ಒಂದೇ, ಲೈನು. ಅದು ಹುಣಸೆಮರಗಳ ನಡುವೆ ನುಸುಳಿ ಬಂದಿತ್ತು. ಗಾಳಿ ಬೀಸಿದರೆ ಕಿವಿಯೊಳಗೆ ಯಾರೋ ಕಡಲೆ ಹುರಿದ ಹಾಗೆ. ಹೀಗಾಗಿ ದೊರ್ಜಿ 'ಖೇರಂಗ್ ಕುಸು ದೆಬೊ ಯಿನ್‌ಪೆ', ಅಂದರೆ ತಾವು ಸೌಖ್ಯವೇ, ಎಂಬ ಮೃದುವಾದ ಮಾತನ್ನು ಮೂರು ಸಲ ಕೂಗುತ್ತಿದ್ದ. ನಡುವೆ ಕಡಲೆ ಸಿಡಿದರೆ ತಡೆಯುತ್ತಿದ್ದ, ಕೆಮ್ಮುತ್ತಿದ್ದ, ಮತ್ತೆ ಕೂಗುತ್ತಿದ್ದ. ಅಣಕಿಸುವವನ ಕಿವಿಗೆ ಜರಡಿ ಇರುವುದಿಲ್ಲ. ನಾನು ಅವನ ಕೂಗು, ತಡೆ, ಕೆಮ್ಮು ಎಲ್ಲವನ್ನೂ ವ್ಯಾಕರಣವೆಂದು ತಿಳಿದು ಒಂದೂ ಬಿಡದೆ ಕಲಿತೆ.

ಇದರಲ್ಲಿ ನನ್ನೊಬ್ಬನದೇ ತಪ್ಪಿಲ್ಲ. ಕನ್ನಡ ಬಾರದವರಿಗೆ ಕಿವಿಯೂ ಕೇಳುವುದಿಲ್ಲವೆಂಬುದು ನಮ್ಮ ಸೀಮೆಯ ದೃಢವಾದ ನಂಬಿಕೆ. ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ಟಿಬೆಟನ್ ಹೆಂಗಸೊಬ್ಬಳು ಬಾಳೆಹಣ್ಣಿನ ಬೆಲೆ ಕೇಳಿದರೆ, ಅಂಗಡಿಯವನು ಮೊದಲು ಹೇಳುತ್ತಾನೆ, ಆಮೇಲೆ ಕೂಗುತ್ತಾನೆ, ಕೊನೆಗೆ ಬಸ್ಸಿನ ಮೇಲೆ ಮೂಟೆ ಜೋಡಿಸುತ್ತಿದ್ದವನೂ ಕೂಗಿ ಸಹಾಯ ಮಾಡುತ್ತಾನೆ. ಕೆ.ಆರ್. ನಗರದ ಕಡೆಯವರಂತೂ ನಾಲೆಯ ಈ ದಡದಿಂದ ಆ ದಡಕ್ಕೆ ಕೂಗಿಯೇ ಸಂಸಾರ ಮಾಡುವವರು. ಅವರ ಗುಟ್ಟು ಕೂಡ ಎರಡು ಗದ್ದೆ ದಾಟುತ್ತದೆ. ವೀರನಹೊಸಹಳ್ಳಿಯ ಕಾಡಂಚಿನ ಹಾಡಿಯ ಬುಡಕಟ್ಟಿನವರು ಮಾತ್ರ ತದ್ವಿರುದ್ಧ. ಜೇನಿನ ಬೆಲೆಯನ್ನೂ ಎಷ್ಟು ಮೆತ್ತಗೆ ಹೇಳುತ್ತಾರೆಂದರೆ ಕೊಳ್ಳುವವನು ಬಾಗಿ ಕಿವಿ ಕೊಡಬೇಕು. ಬಾಗಿ ನಿಂತವನು ಚೌಕಾಸಿ ಮಾಡುವುದು ಹೇಗೆ?

ಆರು ತಿಂಗಳು ಕಳೆಯಿತು. ಗುರುದಕ್ಷಿಣೆಯಾಗಿ ನಾನು ದೊರ್ಜಿಗೆ ನಮ್ಮ ಮೇಲ್ವಿಚಾರಕ ಶಾಮಣ್ಣನವರ ದನಿ ಮಾಡಿ ಕೇಳಿಸುತ್ತಿದ್ದೆ. ಸಾಲಿಗ್ರಾಮದ ಶಾಮಣ್ಣನವರು ಸಿಟ್ಟು ಬಂದರೆ ತಕ್ಷಣ ಬೈಯುವವರಲ್ಲ. ಕನ್ನಡಕ ತೆಗೆದು, ಉಫ್ ಎಂದು ಊದಿ, ಒರೆಸಿ, ಹಾಕಿಕೊಂಡು ಆಮೇಲೆ ಬೈಯುವವರು. ಒಂದು ಮಧ್ಯಾಹ್ನ ನಾನು ಟಿಬೆಟನ್ನಿನಲ್ಲಿ ಶಾಮಣ್ಣನವರಾಗಿ ಊದುತ್ತಿರುವಾಗ ಬೆನ್ನ ಹಿಂದೆ ಇನ್ನೊಂದು ಉಫ್ ಕೇಳಿಸಿತು. ಅದು ನನ್ನದಕ್ಕಿಂತ ಚೆನ್ನಾಗಿತ್ತು.

ನನ್ನ ನೌಕರಿ ಆಗಿನ್ನೂ ಹಂಗಾಮಿ. ಕಾಯಂ ಮಾಡುವ ಕಾಗದ ಅವರ ಡ್ರಾಯರಿನಲ್ಲಿ ಸಹಿಗೆ ಕಾದಿತ್ತು. ಸಹಿ ಬೀಳದಿದ್ದರೆ ನಾನು ಊರಿಗೆ ಹೋಗಿ ಅಪ್ಪನ ಜೊತೆ ಹೊಗೆಸೊಪ್ಪು ಕಟ್ಟುತ್ತಾ ಕೂರಬೇಕು. ಹೊಗೆಸೊಪ್ಪನ್ನು ಯಾರು ತಾನೇ ಅಣಕಿಸಬಲ್ಲರು? ಕ್ಯಾಂಪಿನವರು ಉತ್ತರದಲ್ಲಿರುವ ನೆಂಟರಿಗೆ ಟ್ರಂಕ್ ಕಾಲ್ ಮಾಡಬೇಕೆಂದು ಬಂದು ಕೈಸನ್ನೆ ಮಾಡಿ ಸೋಲುತ್ತಾರೆ, ಅವರಿಗಾಗಿಯೇ ಈ ಅಭ್ಯಾಸ ಎಂದು ಗೋಗರೆದೆ. ಹೇಳುವಾಗ ನನಗೇ ಅದು ನಿಜವೆನ್ನಿಸಿತು.

"ಆ ಭಾಷೆ ನಿಂಗೆ ದಿಟವಾಗ್ಲೂ ಬಂದ್ರೆ ಅದು ಇಲಾಖೆ ಕೆಲ್ಸ ಕಣಯ್ಯ" ಎಂದರು ಶಾಮಣ್ಣನವರು. "ಬರ್ದಿದ್ರೆ ಹರಟೆ. ಹರಟೆ ಹೊಡೆಯೋನ ಕಾಗದಕ್ಕೆ ನಾನು ಸೈನ್ ಹಾಕಾಕಿಲ್ಲ."

ನನಗೆ ಭಾಷೆ ಬರುತ್ತದೆಂದು ದೊರ್ಜಿ ಫೋನಿನಲ್ಲೇ ಮೂರು ಸಲ ಕೂಗಿ ಸಾಕ್ಷಿ ನುಡಿದ. ಪಾಠ ಹೇಳಿದವನೇ ಮಾರ್ಕು ಹಾಕುವಂತಿಲ್ಲವೆಂದರು ಶಾಮಣ್ಣನವರು. ಕೊನೆಗೆ ದೊರ್ಜಿಯ ತಾಯಿಯನ್ನು ಪರೀಕ್ಷಕಳೆಂದು ಇಬ್ಬರೂ ಒಪ್ಪಿದರು. ಇವತ್ತೋ ನಾಳೆಯೋ ಊರಿಗೆ ವಾಪಸಾಗುವವರಿಗೆ ಇಲ್ಲಿನ ಮಾತೇಕೆ ಎಂದು ಆಕೆ ಕನ್ನಡದ ಒಂದಕ್ಷರವನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಪಕ್ಷಪಾತದ ಭಯವೇ ಇಲ್ಲ.

ಭಾನುವಾರ ಶಾಮಣ್ಣನವರ ಜೊತೆ ಬೈಲಕುಪ್ಪೆಯಲ್ಲಿ ಬಸ್ಸಿಳಿದಾಗ ದೊರ್ಜಿಯನ್ನು ಮೊದಲ ಸಲ ಕಂಡೆ. ಅಷ್ಟು ದೊಡ್ಡ ದನಿ ಇದ್ದದ್ದು ನನ್ನ ಭುಜದೆತ್ತರದ ಆಳಿನಲ್ಲಿ. ಅವನೂ ನನ್ನನ್ನು ಮೇಲಿಂದ ಕೆಳಗೆ ನೋಡಿ, ದನಿ ಕೇಳಿ ಮೀಸೆ ಇದೆ ಅಂದುಕೊಂಡಿದ್ದೆ ಎಂದ. ಮನೆಯಲ್ಲಿ ಅವನ ತಾಯಿ ಚಾಪೆಯ ಮೇಲೆ ಕೂತು ಮುಸುಕಿನ ಜೋಳ ಬಿಡಿಸುತ್ತಿದ್ದಳು. ಬಂದವರಿಗೆ ಬೆಣ್ಣೆ, ಉಪ್ಪು ಹಾಕಿದ ಚಹಾ ಬಂತು. ಬಟ್ಟಲು ಬರಿದಾದರೆ ಅವರು ಮತ್ತೆ ತುಂಬುತ್ತಾರೆ, ಸ್ವಲ್ಪ ಉಳಿಸಿದರೆ 'ಸಾಕು' ಎಂದರ್ಥ. ಇದು ತಿಳಿಯದ ಶಾಮಣ್ಣನವರು ಮರ್ಯಾದೆಗೆಂದು ಬರಿದು ಮಾಡುತ್ತಾ ಹೋಗಿ ನಾಲ್ಕನೆಯ ಬಟ್ಟಲಿನಲ್ಲಿ ಬೆವರುತ್ತಿದ್ದರು.

ನಾನು ಪರೀಕ್ಷೆಗೆ ಎದ್ದು ನಿಂತೆ. ಎಡಗೈ ತಾನಾಗಿ ಕಿವಿಗೆ ಹೋಯಿತು. ಕಣ್ಣು ಒಂದು ಖಾಲಿ ಗೋಡೆ ಹುಡುಕಿಕೊಂಡಿತು. ಬಾಯಿಂದ ಮೊದಲು ಹೊರಟದ್ದು 'ಹಲೋ'. ಆಮೇಲೆ 'ತಾಶಿ ದೆಲೆ' ಎಂಬ ನಮಸ್ಕಾರವನ್ನು ಮೂರು ಸಲ ಕೂಗಿದೆ. ಸೌಖ್ಯವೇ ಎಂದು ಮೂರು ಸಲ ಕೂಗಿದೆ. ಇಲ್ಲದ ಕಡಲೆ ಸಿಡಿಯಲೆಂದು ತಡೆದೆ, ದೊರ್ಜಿಯ ಕೆಮ್ಮನ್ನು ಕೆಮ್ಮಿದೆ, ಜೋಳದ ಬೆಳೆ ಹೇಗಿದೆ, ಈ ಸೆಖೆ ಒಗ್ಗಿತೇ ಎಂದೆಲ್ಲ ಒಂದು ತಪ್ಪಿಲ್ಲದೆ ಕೂಗಿ, ಕೊನೆಗೆ ಕೇಳಿಸುತ್ತಿದೆಯೇ ಎಂದು ವಿಚಾರಿಸಿದೆ. ಅಂಗಳದ ಕೋಳಿಗಳು ಚದುರಿದವು. ನೆರೆಯವರು ಬಾಗಿಲು ತುಂಬಿದರು.

ಮುದುಕಿ ಜೋಳ ಬಿಡಿಸುವುದನ್ನು ನಿಲ್ಲಿಸಿದಳು. ನಾನು ನೋಡುತ್ತಿದ್ದ ಗೋಡೆಯ ಕಡೆ ತಿರುಗಿ, ಅಲ್ಲಿ ಯಾರಿದ್ದಾರೆಂದು ತಾನೂ ನೋಡಿದಳು. ಎದ್ದು ಬಂದು ನನ್ನ ಕೈಯನ್ನು ಕಿವಿಯಿಂದ ಇಳಿಸಿ ಅದಕ್ಕೊಂದು ಚಹದ ಬಟ್ಟಲು ಕೊಟ್ಟಳು. ಮಗನ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದಳು. ಅಷ್ಟು ಮೆತ್ತಗಿನ ಟಿಬೆಟನ್ನನ್ನು ನಾನು ಕೇಳಿಯೇ ಇರಲಿಲ್ಲವಾದ್ದರಿಂದ ಒಂದಕ್ಷರವೂ ತಿಳಿಯಲಿಲ್ಲ. ಬಾಗಿಲಲ್ಲಿದ್ದವರು ನಕ್ಕ ನಗೆ ಮಾತ್ರ ಯಾವ ಭಾಷೆಯವರಿಗೂ ತಿಳಿಯುವಂತಿತ್ತು.

ಪಾಸೋ ಫೇಲೋ ಎಂದು ಶಾಮಣ್ಣನವರು ಕೇಳಿದರು. ಮಾರನೆಯ ದಿನ ಅವರು ಒಂದು ಸಲವೂ ಕನ್ನಡಕ ಊದದೆ ನನ್ನ ಕಾಗದಕ್ಕೆ ಸಹಿ ಹಾಕಿದರೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯ ಮಾತು ಮುದುಕಿಯದೇ ಆಗಬೇಕು. ದೊರ್ಜಿ ಕಣ್ಣೊರೆಸಿಕೊಂಡು ಅದನ್ನು ಕನ್ನಡಕ್ಕೆ ಇಳಿಸಿದ:

"ಇವ್ನಿಗೆ ನಮ್ ಮಾತು ಚೆಂದಾಗೇ ಬತ್ತದೆ ಅಂತಾವ್ಳೆ ಸಾರ್, ತಾನು ಎದುರ್ಗೇ ಕುಂತಿರೋದೊಂದೇ ಇನ್ನೂ ಗೊತ್ತಾಗಿಲ್ವಂತೆ."