ಅಕ್ಕೋರು ಬರೆದುಕೊಂಡ ಅಭಿಪ್ರಾಯ

ನಾನು ಸರಸಂಬಾಕ್ಕೆ ಹೊಸ ಸೊಸೆಯಾಗಿ ಬಂದ ವರ್ಷ, ಬೇಸಿಗೆ ರಜೆ. ಊರ ಶಾಲೆಯ ಅಕ್ಕೋರು ದಿನಾ ಮಧ್ಯಾಹ್ನ ನಮ್ಮ ಅಂಗಳಕ್ಕೆ ಬಂದು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಪತ್ತೇದಾರಿ ಕಾದಂಬರಿ ಓದುತ್ತಿದ್ದರು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನಗಂತೂ ಹಬ್ಬವೋ ಹಬ್ಬ! ಕಥೆಯಲ್ಲಿ ಸಾಹುಕಾರನ ಮನೆಯ ಸರ ಕದ್ದವರನ್ನು ಹುಡುಕುವವಳು ಒಬ್ಬ ಹುಡುಗಿ. ನಾವು ಹೆಂಗಸರು ತೊಗರಿಬೇಳೆ ಹಸನು ಮಾಡುತ್ತ ಇವನೇ ಕಳ್ಳ, ಅವಳೇ ಕಳ್ಳಿ ಎಂದರೆ ಅಕ್ಕೋರು ಬೆರಳೆತ್ತಿ, “ಪುರಾವಾ ಏನದ?” ಎನ್ನುತ್ತಿದ್ದರು.

ನಮ್ಮ ಅತ್ತೆಗೆ ಮಾತ್ರ ಸಿಟ್ಟು. “ಹೆಣ್ಮಗಳು ಕಳ್ಳರ ಹಿಂದ ಓಡೋದಂದ್ರೇನ್ಬೇ? ಇದೊಂದು ಮುಗೀಲಿ, ಆಮ್ಯಾಲ ಈ ಓದು ಬಂದ್!” ಎಂದು ಒಳಗಿನಿಂದಲೇ ಗದರಿದರು. ಇನ್ನೆಷ್ಟು ಹಾಳೆ ಉಳಿದಿವೆ ಎಂದು ನಾನು ಕಣ್ಣಲ್ಲೇ ಅಳೆದೆ.

ಕೊನೆಯ ಅಧ್ಯಾಯಕ್ಕೆ ಮುಂಚೆ ಅಕ್ಕೋರು ಪುಸ್ತಕ ಮುಚ್ಚಿ, ಕದ್ದವರು ಯಾರೆಂದು ಎಲ್ಲರನ್ನೂ ಕೇಳಿದರು. ಆಳುಮಗನೇ ಕದ್ದ ಎಂದೆವು ನಾವು.

ಅತ್ತೆ ಹೊರಗೆ ಬಂದೇಬಿಟ್ಟರು. “ಹುಚ್ಚಿಗೋಳು! ಸಾಹುಕಾರನ ತಂಗಿ ಕದ್ದಾಳ. ರೊಟ್ಟಿ ಬಡಿಯಾಕತ್ತಿದ್ದೆ ಅಂತಾಳ, ಕೈಯಾಗಿನ ಬಳಿಗೆ ಒಂದೀಟು ಹಿಟ್ಟು ಹತ್ತಿಲ್ಲ!”

ಅಕ್ಕೋರು ಓದಿದರು. ತಂಗಿಯೇ! ಅವರು ಪುಸ್ತಕದ ಖಾಲಿ ಹಾಳೆ ತೆರೆದು ಪೆನ್ನು ಹಿಡಿದರು.

“ನಿಮ್ಮ ಅಭಿಪ್ರಾಯ ಹೇಳ್ರಿ ಅವ್ವಾರ, ಬರೀತೇನಿ.”

“ಹುಡುಗಿ ಶಾಣ್ಯಾ ಇದ್ದಾಳ. ಆದ್ರ ಭಾಳ ಸಾವಕಾಶ. ನನಗ ನಾಕು ದಿನದ ಹಿಂದೇ ಗೊತ್ತಾಗಿತ್ತು.”

ಅಕ್ಕೋರು ನಗದೆ, ಒಂದಕ್ಷರ ಬಿಡದೆ ಬರೆದುಕೊಂಡರು. ಅತ್ತೆ ಅವರ ಪಕ್ಕದಲ್ಲೇ ಕೂತು ಮೊರ ಎಳೆದುಕೊಂಡರು. “ಇಂಥಾದ್ದು ಇನ್ನೊಂದು ಅದೇನ್ರಿ?”

ಅಕ್ಕೋರು ಆಗಲೇ ಚೀಲಕ್ಕೆ ಕೈ ಹಾಕಿದ್ದರು.