ಜಿಂಕೆಗೆ ಮಾತಿಲ್ಲ

ಕೆಲವು ವಿವರ ನಾನು ತಪ್ಪಾಗಿ ನೆನೆಯುತ್ತಿರಬಹುದು. ತೊಂಬತ್ತರ ದಶಕ, ನಮ್ಮವರು ವಲಸೆ ಹೋಗಿದ್ದ ಸ್ಕಾರ್‌ಬರೋದ ಬೇಸ್‌ಮೆಂಟಿನಲ್ಲಿ ಕನ್ನಡ ತರಗತಿ. ಮೇಷ್ಟ್ರಿಗೆ ಗ್ರೀಕ್ ಪುರಾಣದ ಹುಚ್ಚು. ಅಲ್ಲಿ ದೇವತೆಗಳನ್ನು ಕೆಣಕಿದವರು ಜಿಂಕೆ, ಜೇಡ, ಕರಡಿಯಾಗುತ್ತಿದ್ದರು. ಇಲ್ಲಿ ಇಂಗ್ಲಿಷ್ ಆಡಿದವರಿಗೆ ಅದೇ ಗತಿ. ಮೇಷ್ಟ್ರು ಕನ್ನಡಕ ಏರಿಸಿ, “ಮನುಷ್ಯಜನ್ಮ ಕ್ಯಾನ್ಸಲ್!” ಎನ್ನುವರು. “ಕ್ಯಾನ್ಸಲ್ ಕನ್ನಡವಾ ಸಾರ್?” ಎಂದ ಹುಡುಗಿ ತಕ್ಷಣ ಜೇಡವಾದಳು.

ಒಮ್ಮೆ ನನ್ನ ಪುಟ್ಟ ತಮ್ಮ, “ಸಾರ್, ಐ ಹ್ಯಾವ್ ಟು ಪೀ” ಎಂದ.

“ಜಿಂಕೆ ನೀನು! ಜಿಂಕೆ ಮಾತಾಡತ್ತೇನೋ?”

ತಮ್ಮ ಬಾಯಿ ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನ ಕೆಳಗಿನ ಕಾರ್ಪೆಟ್ ಒದ್ದೆಯಾಯಿತು.

“ಭೇಷ್, ಪಾತ್ರ ಬಿಡಲಿಲ್ಲ!” ಎಂದರು ಮೇಷ್ಟ್ರು, ಭಾಷೆ ಉಳಿಸಿದ ತೃಪ್ತಿಯಿಂದ.

ಅಂದಿನಿಂದ ಅವನು ಅಮ್ಮನೊಡನೆಯೂ ಕನ್ನಡ ಆಡಿಲ್ಲ. ಹೋದ ವಾರ ಅವನನ್ನು ಕೇಳಿದೆ: “ಕನ್ನಡ ಮರ್ತೋಯ್ತೇನೋ, ಇಲ್ಲಾ ನಿಂಗೇ ಬೇಡ್ವಾ?”